ಗುಣಿಸಲು ಅನುಮತಿ ಎಲ್ಲಿದೆ?

ಎರಡು ಘಟನೆಗಳೂ ನಡೆಯುವ ಸಂಭವನೀಯತೆ ಬೇಕಿದ್ದರೆ ಒಂದೊಂದರ ಸಂಭವನೀಯತೆಯನ್ನು ಗುಣಿಸಬೇಕು. ಪಠ್ಯಪುಸ್ತಕದಲ್ಲಿ ಈ ನಿಯಮ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ‘ಘಟನೆಗಳು ಸ್ವತಂತ್ರವಾಗಿದ್ದರೆ’ ಎಂಬ ಷರತ್ತು ಅದೇ ಸಾಲಿನ ಮೂಲೆಯಲ್ಲಿ ಕುಳಿತಿರುತ್ತದೆ. ಗುಣಾಕಾರ ಯಾರಿಗೆ ತಾನೆ ಬಾರದು? ಶತಮಾನಗಳಿಂದ ಜನ ಎಡವುತ್ತ ಬಂದಿರುವುದು ಆ ಷರತ್ತಿನಲ್ಲಿ.

ಕಥೆ ಜೂಜಿನಿಂದ ಶುರುವಾಗುತ್ತದೆ. ಇಟಲಿಯ ವೈದ್ಯನೂ ಗಣಿತಜ್ಞನೂ ಹುಟ್ಟಾ ಜೂಜುಕೋರನೂ ಆಗಿದ್ದ ಜಿರೊಲಾಮೊ ಕಾರ್ಡಾನೊ ದಾಳದಾಟದ ಬಗ್ಗೆ ಬರೆದ ಹೊತ್ತಗೆಯಲ್ಲಿ ಮತ್ತೆ ಮತ್ತೆ ಎಸೆಯುವ ದಾಳದ ಲೆಕ್ಕವನ್ನು ಮೊದಲು ತಪ್ಪಾಗಿ ಹಾಕಿ, ಮುಂದೆ ತಾನೇ ತಿದ್ದಿಕೊಂಡು ಗುಣಾಕಾರಕ್ಕೆ ಬರುತ್ತಾನೆ. ಅವನು ತೀರಿಕೊಂಡದ್ದು 1576ರಲ್ಲಿ, ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರೊಳಗೆ, 1654ರಲ್ಲಿ, ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಇದೇ ದಾರಿಯನ್ನು ಬಹುದೂರ ಸವೆಸಿದ್ದರು. ಅವರನ್ನು ಕೆಣಕಿದವನು ಜೂಜಿನ ಲೆಕ್ಕದಲ್ಲಿ ಆಸಕ್ತಿಯಿದ್ದ ಫ್ರೆಂಚ್ ಬರಹಗಾರ ಷೆವಲಿಯೇ ದ ಮೆರೆ. ಒಂದು ದಾಳವನ್ನು 4 ಸಲ ಎಸೆದರೆ ಒಂದಾದರೂ ಆರು ಬೀಳುತ್ತದೆಂಬ ಪಂದ್ಯ ಲಾಭದ್ದು. ಹಾಗಾದರೆ ಎರಡು ದಾಳಗಳನ್ನು 24 ಸಲ ಎಸೆದಾಗ ಜೋಡಿ ಆರು ಬೀಳುತ್ತದೆಂಬ ಪಂದ್ಯವೂ ಅಷ್ಟೇ ಲಾಭದ್ದಾಗಬೇಕಲ್ಲ ಎಂಬುದು ಅವನ ತರ್ಕ. ಆರು ಬೀಳದಿರುವ 5/6ನ್ನು ನಾಲ್ಕು ಬಾರಿ ಗುಣಿಸಿ 1ರಿಂದ ಕಳೆದರೆ 671/1296, ಅಂದರೆ ಶೇ. 51.8. ಇನ್ನೊಂದರಲ್ಲಿ 35/36ನ್ನು 24 ಬಾರಿ ಗುಣಿಸಿ ಕಳೆದರೆ ಉಳಿಯುವುದು ಶೇ. 49.1 ಮಾತ್ರ. ಇಲ್ಲಿ ಗುಣಾಕಾರಕ್ಕೆ ಅಡ್ಡಿಯೇನೂ ಇರಲಿಲ್ಲ. ಒಂದು ಎಸೆತ ಮುಂದಿನ ಎಸೆತವನ್ನು ಮುಟ್ಟುವುದಿಲ್ಲ.

ಮುಟ್ಟಿದರೆ? ಅದನ್ನು ಬಿಡಿಸಿ ಹೇಳಿದವನು ಫ್ರಾನ್ಸ್ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಅಬ್ರಹಾಂ ದ ಮ್ವಾವ್ರ್. ಅವನ ಸಂಭವನೀಯತೆಯ ಪುಸ್ತಕ ಮೊದಲು ಬಂದದ್ದು 1718ರಲ್ಲಿ. ಒಂದು ಘಟನೆ ನಡೆದದ್ದರಿಂದ ಇನ್ನೊಂದಕ್ಕೆ ನೆರವೂ ಆಗದೆ ಅಡ್ಡಿಯೂ ಆಗದಿದ್ದರೆ ಅವು ಸ್ವತಂತ್ರ, ಒಂದರಿಂದ ಇನ್ನೊಂದರ ಸಂಭವನೀಯತೆ ಬದಲಾದರೆ ಅವಲಂಬಿತ ಎಂದು ಅವನು ನಂತರದ ಆವೃತ್ತಿಗಳಲ್ಲಿ ಗೆರೆ ಎಳೆದ. ಉದಾಹರಣೆಯೂ ಅವನದೇ. ಒಂದೊಂದೇ ಎಕ್ಕವಿರುವ, 13 ಇಸ್ಪೀಟೆಲೆಗಳ ಎರಡು ಬೇರೆ ರಾಶಿಗಳಿಂದ ಒಂದೊಂದು ಎಲೆ ತೆಗೆದಾಗ ಎರಡೂ ಎಕ್ಕವಾಗಿರುವ ಸಂಭವನೀಯತೆ 1/13 × 1/13, ಅಂದರೆ 1/169. ಒಂದೇ ರಾಶಿಯಿಂದ ಮೊದಲು ಎಕ್ಕ, ಆಮೇಲೆ ಎರಡರ ಎಲೆ ಬರಬೇಕೆಂದರೆ ರಾಶಿಯಲ್ಲಿ ಉಳಿದಿರುವುದು 12 ಎಲೆ; ಲೆಕ್ಕ 1/13 × 1/12, ಅಂದರೆ 1/156. ಅವಲಂಬಿತ ಘಟನೆಗಳಲ್ಲಿಯೂ ಗುಣಿಸುತ್ತೇವೆ, ಆದರೆ ಎರಡನೆಯ ಸಂಖ್ಯೆ ‘ಮೊದಲನೆಯದು ನಡೆದಾಗಿದೆ’ ಎಂಬುದನ್ನು ಒಪ್ಪಿಕೊಂಡು ಬರೆದದ್ದಾಗಿರಬೇಕು. ಇಂದು ಷರತ್ತುಬದ್ಧ ಸಂಭವನೀಯತೆ ಎನ್ನುವುದು ಇದನ್ನೇ.

1933ರಲ್ಲಿ ರಷ್ಯಾದ ಆಂದ್ರೇ ಕೊಲ್ಮೊಗೊರೊವ್ ಇಡೀ ಶಾಸ್ತ್ರಕ್ಕೆ ಮೂಲಸೂತ್ರಗಳ ತಳಪಾಯ ಹಾಕಿದಾಗ ಮಾತು ತಿರುವುಮುರುವಾಯಿತು: ಎರಡೂ ನಡೆಯುವ ಸಂಭವನೀಯತೆ ಒಂದೊಂದರ ಸಂಭವನೀಯತೆಗಳ ಗುಣಲಬ್ಧಕ್ಕೆ ಸರಿಹೊಂದಿದರೆ ಅದೇ ಸ್ವಾತಂತ್ರ್ಯದ ವ್ಯಾಖ್ಯೆ. ಗಣಿತಕ್ಕೆ ಇದು ಚೊಕ್ಕಟ. ಹೊರಜಗತ್ತಿನಲ್ಲಿ ಮಾತ್ರ ಎರಡು ಸಂಗತಿಗಳು ಸ್ವತಂತ್ರವೋ ಅಲ್ಲವೋ ಎಂದು ಯಾವ ಸೂತ್ರವೂ ಕೂತಲ್ಲೇ ಹೇಳಿಕೊಡುವುದಿಲ್ಲ. ಸೂತ್ರದೊಳಗೂ ಒಂದು ಕುಣಿಕೆ ಇದೆ. ಎರಡು ನಾಣ್ಯ ಚಿಮ್ಮಿ: ಮೊದಲನೆಯದು ತಲೆ, ಎರಡನೆಯದು ತಲೆ, ಎರಡೂ ಒಂದೇ ಬಗೆ. ಈ ಮೂರು ಘಟನೆಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವು ಸ್ವತಂತ್ರ, ಆದರೆ ಮೂರೂ ಒಟ್ಟಿಗೆ ಅಲ್ಲ. 1/8 ಇರಬೇಕಾದಲ್ಲಿ 1/4 ಸಿಗುತ್ತದೆ.

ಇದೆಲ್ಲ ಗೊತ್ತಿದ್ದೂ ನ್ಯಾಯಾಲಯಗಳಲ್ಲಿ ನಡೆದದ್ದು ದಿಗಿಲು ಹುಟ್ಟಿಸುತ್ತದೆ. 1964ರಲ್ಲಿ ಲಾಸ್ ಏಂಜಲೀಸ್‌ನ ಒಂದು ಪರ್ಸ್ ಕಳವಿನ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲರು ಮೀಸೆಗೆ 1/4, ಗಡ್ಡಕ್ಕೆ 1/10, ಹಳದಿ ಕಾರಿಗೆ 1/10 ಎಂಬಂತೆ ತಾವೇ ಅಂದಾಜಿಸಿದ ಆರು ಸಂಖ್ಯೆಗಳನ್ನು ಗುಣಿಸಿ, ಆರೋಪಿಗಳಾದ ಗಂಡ-ಹೆಂಡತಿಯಂಥ ಜೋಡಿ ಸಿಗುವುದು 1 ಕೋಟಿ 20 ಲಕ್ಷಕ್ಕೆ ಒಮ್ಮೆ ಎಂದರು. ಗಡ್ಡ ಬಿಟ್ಟವರಲ್ಲಿ ಬಹುಪಾಲು ಜನ ಮೀಸೆಯನ್ನೂ ಬಿಟ್ಟಿರುತ್ತಾರೆಂಬುದು ಲೆಕ್ಕಕ್ಕೆ ಬರಲೇ ಇಲ್ಲ! ಅಂದಾಜುಗಳಿಗೂ ಆಧಾರವಿರಲಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆರೋಪ ಸಾಬೀತೆಂದಿದ್ದ ಆ ಮೊಕದ್ದಮೆಯ ತೀರ್ಪನ್ನು ರದ್ದುಪಡಿಸಿತು.

ಮೂವತ್ತು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಅದೇ ತಪ್ಪು ಮರುಕಳಿಸಿತು, ಈ ಬಾರಿ ತಜ್ಞವೈದ್ಯರ ಬಾಯಲ್ಲಿ. ಇಬ್ಬರು ಗಂಡು ಶಿಶುಗಳನ್ನು ಕಳೆದುಕೊಂಡ ತಾಯಿಯ ಮೇಲೆ ಕೊಲೆಯ ಆರೋಪ ಬಂತು. ಆ ತಾಯಿಯದರಂಥ ಕುಟುಂಬದಲ್ಲಿ ಶಿಶು ಹಠಾತ್ತನೆ, ಕಾರಣ ತಿಳಿಯದೆ ಸಾಯುವುದು 8,543ಕ್ಕೆ ಒಂದು. ಇಬ್ಬರು ಸಾಯಲು ಅದರ ವರ್ಗ, ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದು ಎಂದು ಸಾಕ್ಷ್ಯ ನುಡಿಯಲಾಯಿತು. ಒಂದೇ ತಾಯಿ-ತಂದೆ, ಒಂದೇ ಮನೆ, ಒಂದೇ ವಂಶವಾಹಿಗಳ ಪರಂಪರೆ. ಮೊದಲ ಸಾವು ಎರಡನೆಯದನ್ನು ಮುಟ್ಟಿಲ್ಲ ಎನ್ನಲು ಆಧಾರವೆಲ್ಲಿ? ಬೇಕಿದ್ದ ಸಂಖ್ಯೆ, ಮೊದಲ ಮಗು ಹೀಗೆ ತೀರಿಕೊಂಡ ಮನೆಯಲ್ಲಿ ಎರಡನೆಯದೂ ತೀರಿಕೊಳ್ಳುವ ಷರತ್ತುಬದ್ಧ ಸಂಭವನೀಯತೆ. 1999ರಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. 2001ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ರಾಯಲ್ ಸ್ಟಟಿಸ್ಟಿಕಲ್ ಸೊಸೈಟಿ ಆ ವರ್ಗಲೆಕ್ಕಕ್ಕೆ ಸಂಖ್ಯಾಶಾಸ್ತ್ರೀಯ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿತು. 2003ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿದ್ದು ಮುಖ್ಯವಾಗಿ ಬಚ್ಚಿಟ್ಟಿದ್ದ ವೈದ್ಯಕೀಯ ವರದಿಯೊಂದರ ಕಾರಣಕ್ಕೆ. ಆದರೆ ಸಂಖ್ಯೆಯ ವಾದ ಪೂರ್ಣವಾಗಿ ಮಂಡನೆಯಾಗಿದ್ದರೆ ಅದೊಂದೇ ಮೇಲ್ಮನವಿಗೆ ಸಾಕಾಗುವ ಸಂಭವವೇ ಹೆಚ್ಚಿತ್ತೆಂದು ನ್ಯಾಯಾಲಯ ಸೂಚಿಸಿತು.