ಶಿಪ್ ಎಲ್ಲಿ, ಶೀಪ್ ಎಲ್ಲಿ? ಇಂಗ್ಲಿಷಿನ ಹ್ರಸ್ವ-ದೀರ್ಘದ ಗೊಂದಲ

ಪ್ರಶ್ನೆ: ಕನ್ನಡದಲ್ಲಿ ದೀರ್ಘ ಇದ್ದರೆ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಪದದಲ್ಲಿ ಎಲ್ಲಿ ಎಳೆಯಬೇಕು, ಎಲ್ಲಿ ಎಳೆಯಬಾರದು ಅಂತ ಹ್ಯಾಂಗ ಗೊತ್ತಾಗಬೇಕ್ರಿ ಸರ್? ಮಗಳು ಐದನೇ ಕ್ಲಾಸು, ಓದಿಸಲು ಕೂತರೆ ನನಗೇ ಗೊಂದಲ. (ಬೀದರ್‌ನಿಂದ ಓದುಗರೊಬ್ಬರು)

ನಿಮ್ಮ ಊರಿನಿಂದಲೇ ಶುರು ಮಾಡೋಣ. ಬೀದರ್ ಸ್ಟೇಷನ್ ಬೋರ್ಡ್ ನೋಡಿ. ಕನ್ನಡದಲ್ಲಿ ‘ಬೀ’ ಅಂತ ದೀರ್ಘ ಕಾಣುತ್ತದೆ, ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಬರೀ ಒಂದು ಐ ಅಕ್ಷರ. ಊರು ಗೊತ್ತಿರೋದರಿಂದ ನಾವು ಸರಿಯಾಗಿ ಓದುತ್ತೇವೆ, ಗೊತ್ತಿಲ್ಲದವರು ‘ಬಿಡಾರ್’ ಅಂದುಬಿಡಬಹುದು. ಇಂಗ್ಲಿಷಿನ ತೊಂದರೆಯೇ ಇದು. ಸ್ವರಾಕ್ಷರ ಐದೇ, ಆದರೆ ಬಾಯಲ್ಲಿ ಬರುವ ಸ್ವರಗಳು ಸುಮಾರು 20.

ಕಿವಿಯ ಚಿಂತೆ ಬೇಡ. ಬಳೆ-ಬಾಳೆ, ಬಿಡು-ಬೀಡು ನಾವು ಎಂದೂ ತಪ್ಪುವುದಿಲ್ಲ. ಪಕ್ಕದ ಮನೆಯ ಉರ್ದುವಿನಲ್ಲೂ ದಿನ್ ಅಂದರೆ ಹಗಲು, ದೀನ್ ಅಂದರೆ ಧರ್ಮ. ಶಿಪ್ ಹಡಗು, ಶೀಪ್ ಕುರಿ ಅನ್ನೋದು ಇದೇ ಲೆಕ್ಕ.

ಗೊಂದಲ ಹುಟ್ಟೋದು ಶಾಲೆಯ ‘ಲಾಂಗ್ ವವೆಲ್’, ಅಂದರೆ ದೀರ್ಘ ಸ್ವರ, ಅನ್ನೋ ಮಾತಿನಿಂದ. ಕಿಟ್ ಪದದ ಕೊನೆಗೆ ಇಂಗ್ಲಿಷಿನ ಒಂದು ಇ ಅಕ್ಷರ ಸೇರಿಸಿದರೆ ಕೈಟ್ ಆಗುತ್ತದೆ, ಇದು ಲಾಂಗ್ ಅಂತಾರೆ. ‘ಕಿ’ ದೀರ್ಘವಾದರೆ ‘ಕೀ’ ಆಗಬೇಕು, ‘ಕೈ’ ಹೇಗಾಯಿತು? ಮಗಳು ಹೀಗೆ ಕೇಳಿದರೆ ಬಯ್ಯಬೇಡಿ, ತುಂಬ ಒಳ್ಳೆಯ ಪ್ರಶ್ನೆ ಅದು. ಆರು ನೂರು ವರ್ಷದ ಹಿಂದೆ ಅದು ನಿಜವಾಗಿಯೂ ದೀರ್ಘವೇ ಆಗಿತ್ತು. ಟೈಮ್ ಅನ್ನು ಹೆಚ್ಚುಕಡಿಮೆ ‘ಟೀಮ’ ಅಂತಲೂ, ನೇಮ್ ಅನ್ನು ‘ನಾಮ’ ಅಂತಲೂ ಹೇಳುತ್ತಿದ್ದರು, ಈಗ ಮೌನವಾಗಿರುವ ಕೊನೆಯ ಇ ಆಗ ಮೆಲ್ಲಗೆ ಕೇಳುತ್ತಿತ್ತು. ಹೌದು, ನಮ್ಮ ‘ನಾಮ’ಕ್ಕೆ ಅದು ದೂರದ ಬಳಗವೇ. ಸುಮಾರು 1400ರಿಂದ 1700ರ ನಡುವೆ ದೀರ್ಘ ಸ್ವರಗಳೆಲ್ಲ ಬಾಯೊಳಗೆ ಜಾಗ ಬದಲಿಸಿದವು. ಅಷ್ಟರಲ್ಲಿ, 1476ರಲ್ಲಿ, ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂದಿತ್ತು. ಕಾಗುಣಿತ ನಿಂತಲ್ಲೇ ನಿಂತಿತು, ಉಚ್ಚಾರ ಮುಂದೆ ಹೋಯಿತು.

ಹಾಗಾಗಿ ಶಾಲೆಯ ‘ಲಾಂಗ್’ ಅಂದರೆ ಅಕ್ಷರ ತನ್ನ ಹೆಸರನ್ನೇ ಹೇಳುವುದು ಅಂತ ಇಟ್ಟುಕೊಳ್ಳಿ. ಹ್ಯಾಟ್-ಹೇಟ್, ಹಾಪ್-ಹೋಪ್ ಎಲ್ಲ ಕೊನೆಯ ಇ ಮಾಡುವ ಕೆಲಸ. ನಡುವೆ ವ್ಯಂಜನ ಎರಡು ಸಲ ಬಂದರೆ ಹಿಂದಿನ ಸ್ವರ ಸಾಮಾನ್ಯವಾಗಿ ಹ್ರಸ್ವ. ಒಂದು ಎನ್ ಇದ್ದರೆ ಡೈನರ್, ಎರಡಿದ್ದರೆ ಡಿನರ್. ಎರಡು ಎನ್ ನೋಡಿ ನಾವು ಒತ್ತಕ್ಷರ ಅಂದುಕೊಂಡು ‘ಡಿನ್ನರ್’ ಅಂತೇವೆ ಅಲ್ವಾ? ಅಲ್ಲಿ ಒತ್ತೇ ಇಲ್ಲ, ಆ ಎರಡನೇ ಎನ್ ಹಿಂದಿನ ಸ್ವರ ಎಳೆಯಬೇಡಿ ಅನ್ನುವ ಗುರುತು ಅಷ್ಟೇ.

ಡಬಲ್ ಇ ಬಂದರೆ ಬಹುಪಾಲು ‘ಈ’. ಇ-ಎ ಜೋಡಿಯನ್ನು ಮಾತ್ರ ನಂಬಬೇಡಿ, ಬೀಡ್ ದೀರ್ಘ, ಬ್ರೆಡ್ ಹ್ರಸ್ವ. ಡಬಲ್ ಓ ಕೂಡ ಹಾಗೇ, ಫುಡ್ ಅಂತ ಬರೆಯುತ್ತೇವೆ, ಸರಿ ಉಚ್ಚಾರ ಫೂಡ್. ಇನ್ನು ಗಿವ್, ಹ್ಯಾವ್, ಲಿವ್. ಕೊನೆಗೆ ಇ ಇದ್ದರೂ ಹ್ರಸ್ವವೇ, ಯಾಕಂದರೆ ಹಳೇ ಬರವಣಿಗೆಯಲ್ಲಿ ಪದ ವಿ ಅಕ್ಷರಕ್ಕೆ ಮುಗಿಯಬಾರದು ಅಂತ ಸುಮ್ನೆ ಒಂದು ಇ ಹಚ್ಚುತ್ತಿದ್ದರು. ‘ಐ ವಾಂಟ್ ಟು ಲಿವ್ ಹಿಯರ್’ ಅಂದರೆ ಇಲ್ಲೇ ಇರಬೇಕು ಅಂತ. ಅದನ್ನೇ ‘ಲೀವ್’ ಅಂತ ಎಳೆದರೆ ಕೇಳುವವರಿಗೆ ಬಿಟ್ಟು ಹೋಗುವ ಮಾತು ಕಿವಿಗೆ ಬೀಳುತ್ತದೆ.

ಅನುಮಾನ ಬಂದಾಗ ನಿಘಂಟಿನಲ್ಲಿ ಉಚ್ಚಾರದ ಗುರುತು ನೋಡಿ. ಸ್ವರದ ಪಕ್ಕ ಒಂದರ ಮೇಲೊಂದು ಎರಡು ಚುಕ್ಕಿ ಇದ್ದರೆ ಅದೇ ನಮ್ಮ ದೀರ್ಘ. ಮಗಳಿಗೆ ಮೊದಲು ಅದನ್ನೇ ತೋರಿಸಿ.