ಕಾಣೆಯಾದ ಇಪ್ಪತ್ತನಾಲ್ಕು

ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳ ಬೀಜಗಣಿತದ ಹೋಂವರ್ಕ್ ಮೇಲೆ ಕೆಂಪು ಗೀಟು ಬಿದ್ದಿತ್ತು. ಎರಡು ಪದಗಳ ಮೊತ್ತದ ವರ್ಗ ಬರೆ ಎಂದರೆ, ಒಂದೊಂದನ್ನೂ ವರ್ಗ ಮಾಡಿ ಕೂಡಿಸಿಟ್ಟಿದ್ದಳು. ಅಕ್ಷರಗಳ ಜಾಗದಲ್ಲಿ 3 ಮತ್ತು 4 ಇಟ್ಟರೆ ಅವಳ ಉತ್ತರ 25, ಬರಬೇಕಾದದ್ದು 49.

ಸೂತ್ರ ಬಾಯಿಪಾಠ ಮಾಡು ಎನ್ನುವುದು ಸುಲಭ. ಅದರ ಬದಲು ಗ್ರಾಫ್ ಹಾಳೆ ತರಿಸಿದೆ. ಏಳು ಮನೆ ಉದ್ದ, ಏಳು ಮನೆ ಅಗಲದ ಚೌಕ. ಒಂದು ಮೂಲೆಯಲ್ಲಿ ಮೂರರ ಚೌಕಕ್ಕೆ, ಅದರ ಎದುರು ಮೂಲೆಯಲ್ಲಿ ನಾಲ್ಕರ ಚೌಕಕ್ಕೆ ಬಣ್ಣ ಹಚ್ಚಿದಳು. ಎರಡು ಬಿಳಿ ಪಟ್ಟಿಗಳು ಉಳಿದವು, ಒಂದೊಂದರಲ್ಲೂ ಹನ್ನೆರಡು ಮನೆ. ಕಾಣೆಯಾದ 24 ಅಲ್ಲಿ ಕುಳಿತಿತ್ತು.

ಆದರೂ ಅವಳ 25 ಅನ್ನು ಶುದ್ಧ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅದು ಬೇರೊಂದು ಪ್ರಶ್ನೆಯ ಸರಿಯುತ್ತರ. ಪಿಯುಸಿಯಲ್ಲಿ ಸದಿಶಗಳು, ಅಂದರೆ ದಿಕ್ಕೂ ಇರುವ ಪರಿಮಾಣಗಳು, ಎದುರಾಗುತ್ತವೆ. ಒಂದು ಕಲ್ಲಿಗೆ ಎರಡು ಹಗ್ಗ ಕಟ್ಟಿ 3 ಮತ್ತು 4ರ ಬಲದಲ್ಲಿ ಎಳೆಯಿರಿ. ಒಂದೇ ಕಡೆಗೆ ಎಳೆದರೆ ಒಟ್ಟು ಬಲ 7, ಎದುರುಬದುರಾಗಿ ಎಳೆದರೆ 1, ಒಂದಕ್ಕೊಂದು ಲಂಬವಾಗಿ ಎಳೆದರೆ 5. ವರ್ಗ ಮಾಡಿ ನೋಡಿ: 49, 1, 25. ಅಂದರೆ 25ಕ್ಕೆ 24 ಕೂಡಿಸಿದ್ದು, 24 ಕಳೆದದ್ದು, ಏನೂ ಮಾಡದೆ ಬಿಟ್ಟದ್ದು. ಅದೇ ಬಿಳಿ ಪಟ್ಟಿಗಳು! ಅವುಗಳಲ್ಲಿ ಎಷ್ಟು ಪಾಲು ಲೆಕ್ಕಕ್ಕೆ ಬರಬೇಕೆಂದು ಹಗ್ಗಗಳ ನಡುವಿನ ಕೋನದ ಕೊಸೈನ್ ಎಂಬ ಸಂಖ್ಯೆ (ಒಂದೇ ದಿಕ್ಕಾದರೆ 1, ಲಂಬವಾದರೆ 0, ಎದುರುಬದುರಾದರೆ −1) ತೀರ್ಮಾನಿಸುತ್ತದೆ. ಕೋನ 60 ಡಿಗ್ರಿಯಾದರೆ ಅರ್ಧ ಪಾಲು; 25 + 12 = 37, ಅದರ ವರ್ಗಮೂಲ ಸುಮಾರು 6.08. ತಮಾಷೆಯೆಂದರೆ ಇಲ್ಲಿ ಮಕ್ಕಳ ತಪ್ಪು ತಿರುಗುಮುರುಗು: 5 ಬರೆಯಬೇಕಾದಲ್ಲಿ 7 ಬರೆಯುತ್ತಾರೆ.

ಸಂಖ್ಯಾಶಾಸ್ತ್ರದಲ್ಲೂ ಪಟ್ಟಿಗಳು ಬೆನ್ನು ಬಿಡುವುದಿಲ್ಲ. ಬಸ್ಸಿಗೆ ಕಾಯುವ ಸಮಯದ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅತ್ತಿತ್ತ ಸರಿಯುವ ಏರಿಳಿತದ ಅಳತೆ, 3 ನಿಮಿಷ, ಪ್ರಯಾಣದ್ದು 4 ನಿಮಿಷ ಎನ್ನಿ. ಇವೆರಡಕ್ಕೂ ನಂಟಿಲ್ಲದಿದ್ದರೆ ಒಟ್ಟು ಸಮಯದ ಮಾನಕ ವಿಚಲನೆ 7 ಅಲ್ಲ, 5. ಬಸ್ಸು ತಡವಾಗಿ ಬಂದ ದಿನ ರಸ್ತೆ ಖಾಲಿಯಿದ್ದು ಸರಿದೂಗಬಹುದು. ಮಳೆ ಬಂದರೆ ಎರಡೂ ಒಟ್ಟಿಗೆ ಕೆಡುವ ಊರಾದರೆ ಉತ್ತರ 5ನ್ನು ದಾಟಿ 7ರ ಕಡೆಗೆ ಸರಿಯುತ್ತದೆ. ಇಲ್ಲಿ ಪಾಲು ಹಂಚುವುದು ಸಹಸಂಬಂಧ ಗುಣಾಂಕ, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಸಂಖ್ಯೆ. ಅದಕ್ಕೆ ಅಂಟಿಕೊಂಡಿರುವ ಹೆಸರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರದು. ಮಾನಕ ವಿಚಲನೆಗೆ 1890ರ ದಶಕದಲ್ಲಿ ಇಂದಿನ ಇಂಗ್ಲಿಷ್ ಹೆಸರಿಟ್ಟವರೂ ಅವರೇ. ಕೊಸೈನಿನಂತೆ ಈ ಗುಣಾಂಕವೂ −1 ಮತ್ತು 1ರ ನಡುವೆಯೇ ಓಡಾಡುತ್ತದೆ. ಹೋಲಿಕೆ ಕಾಕತಾಳೀಯವಲ್ಲ. ಹತ್ತು ದಿನಗಳ ಅಂಕಿಗಳಿಂದ ಸರಾಸರಿಯನ್ನು ಕಳೆದು, ಉಳಿದ ಹತ್ತು ಸಂಖ್ಯೆಗಳ ಸಾಲನ್ನು ಒಂದು ಸದಿಶವೆಂದುಕೊಳ್ಳಿ. ಅಂಥ ಎರಡು ಸಾಲುಗಳ ನಡುವಿನ ಕೋನದ ಕೊಸೈನೇ ಸಹಸಂಬಂಧ.

ಪರೀಕ್ಷೆಯಲ್ಲಿ ಎಡವುವ ಇನ್ನೊಂದು ಜಾಗವಿದೆ. ಪ್ರಯಾಣದ ಸಮಯದಿಂದ ಕಾಯುವ ಸಮಯವನ್ನು ಕಳೆದರೆ, ಆ ವ್ಯತ್ಯಾಸದ ಮಾನಕ ವಿಚಲನೆ ಎಷ್ಟು? ಹಲವರು 1 ಎನ್ನುತ್ತಾರೆ. ನಂಟಿಲ್ಲದಿದ್ದರೆ ಅದೂ 5. ಕಳೆಯುವುದೆಂದರೆ ಒಂದು ಸದಿಶವನ್ನು ಹಿಮ್ಮುಖ ಮಾಡಿ ಕೂಡಿಸಿದಂತೆ; ನಂಟಿಲ್ಲದಿರುವುದೆಂದರೆ ಲಂಬವಾಗಿರುವುದು. ಲಂಬವಾಗಿರುವ ಎರಡು ಹಗ್ಗಗಳಲ್ಲಿ ಒಂದನ್ನು ಹಿಮ್ಮುಖ ಮಾಡಿದರೂ ಕೋನ 90 ಡಿಗ್ರಿಯೇ.