ಸುಳ್ಳು ಸುದ್ದಿ ಕಳಿಸುವ ಅಣುಗಳು: ಕ್ಯಾಪ್ಸೈಸಿನ್, ಮೆಂಥಾಲ್, ಕೆಫೀನ್

ಮೆಣಸಿನಕಾಯಿ ಕಚ್ಚಿದರೆ ಬಾಯಿ ಉರಿಯುತ್ತದೆ, ಆದರೆ ಅಲ್ಲಿ ಸುಡುತ್ತಿರುವುದು ಏನೂ ಇಲ್ಲ. ಖಾರ ಎಂಬುದು ಸಿಹಿ, ಹುಳಿಗಳ ಹಾಗೆ ರುಚಿಯೂ ಅಲ್ಲ. ಅದು ನೋವಿನ ನರಗಳ ಕೆಲಸ. ಆ ನರತುದಿಗಳ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಂಡು ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳನ್ನು ಒಳಬಿಡುತ್ತದೆ, ಮಿದುಳಿಗೆ ‘ಬಿಸಿ’ ಎಂಬ ಸುದ್ದಿ ಮುಟ್ಟುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಅಣು ಕ್ಯಾಪ್ಸೈಸಿನ್ ಇದೇ ಪ್ರೋಟೀನಿಗೆ ಅಂಟಿಕೊಂಡು, ಬಿಸಿಯೇ ಇಲ್ಲದಿದ್ದರೂ ಅದನ್ನು ತೆರೆಸಿಬಿಡುತ್ತದೆ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಪ್ರೋಟೀನನ್ನು ಗುರುತಿಸಿದ್ದು 1997ರಲ್ಲಿ. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು.

ಕ್ಯಾಪ್ಸೈಸಿನ್‌ನ ರಚನೆಯನ್ನು ಒಮ್ಮೆ ಬರೆದು ನೋಡಿ. ತಲೆಯಲ್ಲಿ ಬೆಂಜೀನ್ ಉಂಗುರ, ಅದಕ್ಕೆ ಒಂದು ಹೈಡ್ರಾಕ್ಸಿಲ್ (OH) ಗುಂಪು, ಒಂದು ಮೆಥಾಕ್ಸಿ (OCH₃) ಗುಂಪು. ಉಂಗುರದ ಮೇಲಿನ ಈ ಜೋಡಿ ವೆನಿಲಾ ಪರಿಮಳದ ವೆನಿಲಿನ್‌ನಲ್ಲೂ ಹೀಗೇ ಇದೆ! ನಡುವೆ ಅಮೈಡ್ ಬಂಧ, ಆಮೇಲೆ ಉದ್ದನೆಯ ಹೈಡ್ರೋಕಾರ್ಬನ್ ಬಾಲ. ಎಷ್ಟು ನೀರು ಕುಡಿದರೂ ಉರಿ ಆರದಿರಲು ಈ ಬಾಲವೇ ಕಾರಣ, ಅದು ನೀರಿನಲ್ಲಿ ಕರಗಲು ಒಪ್ಪುವುದಿಲ್ಲ. ಹಾಲು ಕುಡಿದರೆ ಕಡಿಮೆಯಾಗುತ್ತದೆ. ಪರೀಕ್ಷೆಯಲ್ಲಿ ‘ಕೊಬ್ಬಿನಲ್ಲಿ ಕರಗುತ್ತದೆ’ ಎಂದಷ್ಟೇ ಬರೆದು ಮುಗಿಸುವವರೇ ಹೆಚ್ಚು. ಆದರೆ ಕೊಬ್ಬು ತೆಗೆದ ಹಾಲೂ ಉರಿ ತಗ್ಗಿಸುತ್ತದೆ, ಹಾಗಾಗಿ ಹಾಲಿನ ಪ್ರೋಟೀನನ್ನೂ ಉತ್ತರದಲ್ಲಿ ಸೇರಿಸಿ. ಅಂದಹಾಗೆ, ಹಕ್ಕಿಗಳ ಟಿಆರ್‌ಪಿವಿ1 ಕ್ಯಾಪ್ಸೈಸಿನ್‌ಗೆ ಸೊಪ್ಪು ಹಾಕುವುದಿಲ್ಲ. ಅವು ಹಣ್ಣು ತಿಂದು ಬೀಜ ಹರಡುತ್ತವೆ, ಗಿಡಕ್ಕೆ ಬೇಕಾದದ್ದೂ ಅದೇ.

ಪುದೀನದ ತಂಪಿನ ಅಣು ಮೆಂಥಾಲ್ ಇದರ ತಿರುವುಮುರುವು. ತಂಪಿಗೆ ತೆರೆದುಕೊಳ್ಳುವ ಟಿಆರ್‌ಪಿಎಂ8 ಎಂಬ ಪ್ರೋಟೀನನ್ನು ಅದು ಚುರುಕುಗೊಳಿಸುತ್ತದೆ. ಇಷ್ಟು ನೆನಪಿದ್ದರೆ ಸಾಕು.

ಕೆಫೀನ್‌ನದು ಬೇರೆಯೇ ಬಗೆ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ಅಣು ಕೂಡಿಕೊಳ್ಳುತ್ತಾ ಹೋಗುತ್ತದೆ, ಅದು ತನ್ನ ಗ್ರಾಹಕಗಳಿಗೆ (ಅಣುಗಳು ಬಂದು ಅಂಟುವ ಪ್ರೋಟೀನುಗಳು, ಟಿಆರ್‌ಪಿವಿ1 ಕೂಡ ಇಂಥದ್ದೇ) ಅಂಟಿದಂತೆ ತೂಕಡಿಕೆ ಹೆಚ್ಚುತ್ತದೆ. ಕೆಫೀನ್‌ನ ಜೋಡಿ ಉಂಗುರ ಅಡೆನೋಸಿನ್‌ನ ಉಂಗುರವನ್ನು ಹೋಲುವುದರಿಂದ ಅದೇ ಗ್ರಾಹಕದಲ್ಲಿ ಜಾಗ ಹಿಡಿಯುತ್ತದೆ. ಕುರ್ಚಿ ಬಿಡದ, ಕೆಲಸವನ್ನೂ ಮಾಡದ ಅಧಿಕಾರಿಯ ಹಾಗೆ. ಕ್ಯಾಪ್ಸೈಸಿನ್ ತನ್ನ ಗ್ರಾಹಕವನ್ನು ಚಾಲೂ ಮಾಡುತ್ತದೆ, ಕೆಫೀನ್ ಬರೀ ಅಡ್ಡಗಟ್ಟುತ್ತದೆ. ಈ ವ್ಯತ್ಯಾಸಕ್ಕೆ ಅಡಿಗೆರೆ ಹಾಕಿಕೊಳ್ಳಿ. ಕೆಫೀನ್ ‘ಶಕ್ತಿ ಕೊಡುತ್ತದೆ’ ಎನ್ನುವುದು ಸರಿಯಲ್ಲ, ದಣಿವಿನ ಸುದ್ದಿಯನ್ನು ತಡೆಹಿಡಿಯುತ್ತದೆ ಅಷ್ಟೇ. ವಯಸ್ಕರಲ್ಲಿ ಇದರ ಅರ್ಧಾಯು ಸುಮಾರು 5 ಗಂಟೆ. ಅಂದರೆ ಸಂಜೆ 4ಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ 9ಕ್ಕೂ ಅಂದಾಜು 50 ಮಿಲಿಗ್ರಾಂ ದೇಹದಲ್ಲಿ ಓಡಾಡುತ್ತಿರುತ್ತದೆ.

ಕೆಫೀನ್‌ನಲ್ಲಿ ಮೂರು ಮೀಥೈಲ್ (CH₃) ಗುಂಪುಗಳಿವೆ. ಅವುಗಳಲ್ಲಿ ನಿರ್ದಿಷ್ಟವಾದ ಒಂದನ್ನು ತೆಗೆದರೆ ಸಿಗುವುದು ಕೋಕೋದ ಥಿಯೋಬ್ರೊಮಿನ್. ಮನುಷ್ಯರಿಗೆ ಇದು ಸೌಮ್ಯ. ನಾಯಿಗಳ ದೇಹ ಇದನ್ನು ತೀರಾ ನಿಧಾನವಾಗಿ ಒಡೆಯುವುದರಿಂದ ಅವುಗಳಿಗೆ ಚಾಕೊಲೇಟ್ ವಿಷ.